ಮನೆಯಲ್ಲಿ ಕೌದಿ ಹೊಲಿಯುವುದು: ಪ್ರಥಮ ಬಾರಿ ಕೈಗೊಳ್ಳುವವರಿಗೆ ಮಾಹಿತಿ

1. ಪೀಠಿಕೆ

ಹಳೆಯ ಸೀರೆ, ಧೋತರ ಮುಂತಾದ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಒತ್ತಾಗಿ ಹೊಲಿದು ಸಿದ್ಧಪಡಿಸುವ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂದು ಹೆಸರು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಇದೇ ಬಗೆಯ ಹೊದಿಕೆಯನ್ನು ಕವಂದಿ ಎಂದು ಕರೆಯುತ್ತಾರೆ. ಈ ಕೆಲಸಕ್ಕೆ ಯಂತ್ರವಾಗಲಿ, ಹೆಚ್ಚಿನ ಬಂಡವಾಳವಾಗಲಿ ಅವಶ್ಯವಿಲ್ಲ. ಆದರೆ ಶ್ರಮ ಮತ್ತು ಸಮಯ ಗಣನೀಯವಾಗಿ ಬೇಕಾಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕದೆ ದೊಡ್ಡ ಕೌದಿಯನ್ನು ಆರಂಭಿಸಿ ಅರ್ಧಕ್ಕೆ ನಿಲ್ಲಿಸುವ ಸಂಭವ ಹೆಚ್ಚು. ಆದುದರಿಂದ ಮೊದಲ ಕೌದಿಯು ಚಿಕ್ಕದಾಗಿರುವುದು ಸೂಕ್ತ. ಈ ಮಾಹಿತಿಯಲ್ಲಿ 75 ಸೆಂ.ಮೀ. ಅಗಲ ಮತ್ತು 100 ಸೆಂ.ಮೀ. ಉದ್ದದ ಕೌದಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

2. ಬೇಕಾಗುವ ಸಾಮಗ್ರಿಗಳು

(ಅ) ಹಳೆಯ ಹತ್ತಿ ಸೀರೆ - 1
(ಆ) ದಪ್ಪನೆಯ ಹತ್ತಿ ದಾರ - ಸುಮಾರು 100 ಮೀಟರ್
(ಇ) ದಾರ ಸುಲಭವಾಗಿ ತೂರುವ ಕಣ್ಣುಳ್ಳ ಉದ್ದನೆಯ ಸೂಜಿ - 2
(ಈ) ಕತ್ತರಿ, ಅಳತೆ ಪಟ್ಟಿ, ಬಟ್ಟೆಗೆ ಗುರುತು ಮಾಡುವ ಸೀಮೆಸುಣ್ಣ
(ಉ) ನಡುಬೆರಳಿಗೆ ತೊಡುವ ಲೋಹದ ಟೊಪ್ಪಿಗೆ. ನಾಲ್ಕು ಪದರಗಳ ಮೂಲಕ ಸೂಜಿಯನ್ನು ನೂಕುವಾಗ ಬೆರಳಿಗೆ ಗಾಯವಾಗದಂತೆ ಇದು ತಡೆಯುತ್ತದೆ.

3. ಬಟ್ಟೆಯ ಆಯ್ಕೆ

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ನೂಲು ಸವೆದು ತೆಳುವಾಗಿರುವ ಭಾಗವು ಆಗ ಸ್ಪಷ್ಟವಾಗಿ ಕಾಣುತ್ತದೆ. ಅನಂತರ ಎರಡೂ ಕೈಗಳಿಂದ ಎಳೆದು ಪರೀಕ್ಷಿಸಬೇಕು. ಗಟ್ಟಿಯಾಗಿರುವ ಭಾಗವನ್ನು ಮೇಲಿನ ಮತ್ತು ಕೆಳಗಿನ ಪದರಗಳಿಗೂ, ಸ್ವಲ್ಪ ಸವೆದ ಭಾಗವನ್ನು ಒಳಪದರಗಳಿಗೂ ಬಳಸಬಹುದು. ಎಳೆದಾಗ ಹರಿಯುವ ಬಟ್ಟೆಯನ್ನು ಕೈಬಿಡುವುದು ಒಳಿತು.

ಹತ್ತಿಯೊಂದಿಗೆ ಹತ್ತಿಯನ್ನೇ ಸೇರಿಸತಕ್ಕದ್ದು. ಪಾಲಿಯೆಸ್ಟರ್ ಬಟ್ಟೆಯು ಹೊಲಿಯುವಾಗ ಜಾರುತ್ತದೆ. ಬೆವರನ್ನೂ ಸರಿಯಾಗಿ ಹೀರುವುದಿಲ್ಲ. ಜರಿ ಅಂಚು ಮೈಗೆ ತರಚುವುದರಿಂದ ಅದನ್ನು ಬಿಚ್ಚಿ ತೆಗೆಯಬೇಕು. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಅಂಟಿದಲ್ಲಿ, ಅಂತಹ ಬಟ್ಟೆಯನ್ನು ತಿಳಿಬಣ್ಣದ ಬಟ್ಟೆಯ ಜೊತೆಗೆ ಸೇರಿಸಬಾರದು. ಹೊಸ ಬಟ್ಟೆಯ ತುಂಡನ್ನು ಬಳಸುವುದಾದರೆ ಮೊದಲು ಒಗೆಯುವುದು ಅಗತ್ಯ. ಇಲ್ಲವಾದಲ್ಲಿ ಮೊದಲ ಒಗೆತದಲ್ಲಿ ಅದು ಮಾತ್ರ ಕುಗ್ಗಿ ಕೌದಿಯು ಸುಕ್ಕುಗಟ್ಟುತ್ತದೆ.

4. ಅಳತೆಯ ಲೆಕ್ಕ

ಸೀರೆಯು ಸಾಮಾನ್ಯವಾಗಿ 5 ಮೀಟರಿಗಿಂತ ಹೆಚ್ಚು ಉದ್ದ ಹಾಗೂ ಸುಮಾರು 110 ಸೆಂ.ಮೀ. ಅಗಲವಿರುತ್ತದೆ. ಕೆಳಪದರವನ್ನು ಅಂಚು ಮಡಿಸುವ ಸಲುವಾಗಿ ನಾಲ್ಕೂ ಬದಿಗೆ 4 ಸೆಂ.ಮೀ. ಹೆಚ್ಚಾಗಿ, ಅಂದರೆ 83 x 108 ಸೆಂ.ಮೀ. ಅಳತೆಗೆ ಕತ್ತರಿಸಬೇಕು. ಉಳಿದ ಮೂರು ಪದರಗಳು 75 x 100 ಸೆಂ.ಮೀ. ಇರತಕ್ಕದ್ದು. ಸೀರೆಯ ಉದ್ದದಲ್ಲಿ ಇವೆಲ್ಲಕ್ಕೂ 308 ಸೆಂ.ಮೀ. ಸಾಕಾಗುತ್ತದೆ. ಉಳಿಯುವ ಸುಮಾರು 2 ಮೀಟರ್, ಸವೆದ ಭಾಗವನ್ನು ಬಿಟ್ಟುಬಿಡಲು ಹಾಗೂ ತೇಪೆಗಳಿಗೆ ಅನುಕೂಲವಾಗುತ್ತದೆ.

2 ಸೆಂ.ಮೀ. ಅಂತರದಲ್ಲಿ ಹೊಲಿದರೆ 75 ಸೆಂ.ಮೀ. ಉದ್ದದ ಸುಮಾರು 50 ಸಾಲುಗಳಾಗುತ್ತವೆ. ಅಂದರೆ ಒಟ್ಟು ಹೊಲಿಗೆ 37.5 ಮೀಟರ್. ಇದೇ ಅಂತರದಲ್ಲಿ 150 x 210 ಸೆಂ.ಮೀ. ಅಳತೆಯ ದೊಡ್ಡ ಕೌದಿಗೆ 157 ಮೀಟರಿಗೂ ಹೆಚ್ಚು ಹೊಲಿಗೆ ಬೀಳುತ್ತದೆ. ಕೌದಿಯ ಉದ್ದ ಮತ್ತು ಅಗಲ ಸುಮಾರು ಎರಡು ಪಟ್ಟಾದರೆ ಶ್ರಮವು ನಾಲ್ಕು ಪಟ್ಟಿಗೂ ಮೀರುತ್ತದೆ ಎಂಬುದನ್ನು ಗಮನಿಸಬೇಕು.

5. ಹೊಲಿಯುವ ಕ್ರಮ

(1) ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಳತೆಗೆ ಕತ್ತರಿಸುವುದು.

(2) ಸ್ವಚ್ಛವಾದ ನೆಲದ ಮೇಲೆ ಕೆಳಪದರವನ್ನು ಅದರ ಒಳಮೈ ಮೇಲೆ ಬರುವಂತೆ ಹಾಸುವುದು. ಅದರ ಮಧ್ಯದಲ್ಲಿ ಒಳಪದರಗಳನ್ನೂ, ಕೊನೆಯಲ್ಲಿ ಮೇಲ್ಪದರವನ್ನೂ ಇರಿಸಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ಸುಕ್ಕು ಬಿಡಿಸುವುದು. ಮೂಲೆಗಳ ಮೇಲೆ ಭಾರವಾದ ವಸ್ತುಗಳನ್ನು ಇಡಬಹುದು.

(3) ಎಲ್ಲ ಪದರಗಳನ್ನೂ ಸೇರಿಸಿ, ಒಂದು ಗೇಣಿನ ಅಂತರದಲ್ಲಿ ಉದ್ದನೆಯ ಕಚ್ಚಾ ಹೊಲಿಗೆ ಹಾಕುವುದು. ಇದನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ ಸಾಗಬೇಕು. ಈ ಹಂತವನ್ನು ಬಿಟ್ಟರೆ ಪದರಗಳು ಜರುಗುತ್ತವೆ. ಆಮೇಲೆ ಸರಿಪಡಿಸಲು ಹೊಲಿದುದನ್ನೆಲ್ಲ ಬಿಚ್ಚಬೇಕಾಗುತ್ತದೆ.

(4) ಸೀಮೆಸುಣ್ಣದಿಂದ 2 ಸೆಂ.ಮೀ. ಅಂತರದಲ್ಲಿ ಅಡ್ಡ ಗೆರೆಗಳನ್ನು ಎಳೆಯುವುದು. ಮೊಳದುದ್ದಕ್ಕಿಂತ ಸ್ವಲ್ಪವೇ ಹೆಚ್ಚು ದಾರವನ್ನು ಎರಡೆಳೆಯಾಗಿ ಪೋಣಿಸಿ, ನಟ್ಟನಡುವಿನ ಗೆರೆಯಿಂದ ಹೊಲಿಗೆ ಆರಂಭಿಸುವುದು. ದಾರ ಇನ್ನೂ ಉದ್ದವಾದರೆ ಗಂಟು ಬೀಳುತ್ತದೆ.

(5) ಹೊಲಿಗೆಯು ಜೋಳದ ಕಾಳಿನ ಅಳತೆಯಲ್ಲಿ, ಮೇಲೂ ಕೆಳಗೂ ಸಮನಾಗಿ ಕಾಣುವಂತಿರಬೇಕು. ದಾರವನ್ನು ಬಿಗಿಯಾಗಿ ಎಳೆಯಬಾರದು. ಪ್ರತಿ ಸಾಲು ಮುಗಿದ ಮೇಲೆ ಕೌದಿಯನ್ನು ಮಗುಚಿ, ಹೊಲಿಗೆ ಕೆಳಪದರಕ್ಕೂ ತಗುಲಿದೆಯೇ ಎಂದು ಪರಿಶೀಲಿಸತಕ್ಕದ್ದು. ಗಂಟನ್ನು ಪದರಗಳ ನಡುವೆ ಮರೆಮಾಡಬೇಕು.

(6) ಎಲ್ಲ ಸಾಲುಗಳು ಮುಗಿದ ನಂತರ, ಕೆಳಪದರದ ಹೆಚ್ಚುವರಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೇಲ್ಪದರದ ಅಂಚಿನ ಮೇಲೆ ತಂದು ಹೊಲಿಯುವುದು. ಕೊನೆಯಲ್ಲಿ ಕಚ್ಚಾ ಹೊಲಿಗೆಯನ್ನು ಬಿಚ್ಚಿ ತೆಗೆಯುವುದು.

6. ಸಾಂಪ್ರದಾಯಿಕ ವಿಧಾನ

ಸಿದ್ದಿ ಮಹಿಳೆಯರ ಕ್ರಮವು ಮೇಲಿನದಕ್ಕೆ ವಿರುದ್ಧ ದಿಕ್ಕಿನದು. ಅವರು ಬಣ್ಣಬಣ್ಣದ ತೇಪೆಗಳನ್ನು ತಳದ ಬಟ್ಟೆಯ ಮೇಲೆ ಅಂಚಿನಿಂದಲೇ ಇಡುತ್ತಾ, ಸುತ್ತಲೂ ಹೊಲಿಯುತ್ತಾ ನಡುವಿಗೆ ತಲುಪುತ್ತಾರೆ. ತೇಪೆ ಜೋಡಿಸುವುದು ಮತ್ತು ಪದರಗಳನ್ನು ಕೂಡಿಸುವುದು ಒಂದೇ ಹೊಲಿಗೆಯಲ್ಲಿ ನೆರವೇರುತ್ತದೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನಾಕಾರವಾಗಿ ಮಡಿಸಿ ಸೇರಿಸುವುದು ವಾಡಿಕೆ. ಇದನ್ನು ಹೂವು ಎಂಬ ಅರ್ಥದಲ್ಲಿ ಫೂಲ ಎನ್ನುತ್ತಾರೆ. ಈ ವಿಧಾನದಲ್ಲಿ ಬಟ್ಟೆಯ ಸಡಿಲವೆಲ್ಲ ನಡುವಿಗೆ ಬಂದು ಸೇರುವುದರಿಂದ ಪಳಗಿದ ಕೈ ಬೇಕು. ಮೊದಲನೆಯದನ್ನು ನೇರ ಸಾಲಿನಲ್ಲಿ ಮುಗಿಸಿದವರು ಎರಡನೆಯದನ್ನು ಹೀಗೆ ಪ್ರಯತ್ನಿಸಬಹುದು.

7. ಸುರಕ್ಷತೆ

ಪ್ರತಿ ದಿನ ಕೆಲಸ ಆರಂಭಿಸುವಾಗ ಮತ್ತು ಮುಗಿಸುವಾಗ ಸೂಜಿಗಳನ್ನು ತಪ್ಪದೆ ಎಣಿಸಬೇಕು. ಮುರಿದ ಸೂಜಿಯ ಎರಡೂ ತುಂಡುಗಳು ದೊರೆಯುವವರೆಗೆ ಕೌದಿಯನ್ನು ಬಳಕೆಗೆ ಕೊಡಬಾರದು. ಒಂದು ವರ್ಷದೊಳಗಿನ ಶಿಶುವು ಮಲಗಿರುವಾಗ ಸಡಿಲವಾದ ಹೊದಿಕೆಯು ಮುಖ ಮುಚ್ಚಿ ಉಸಿರಾಟಕ್ಕೆ ಅಡ್ಡಿಯಾಗುವ ಅಪಾಯವಿರುವುದರಿಂದ, ಕೌದಿಯನ್ನು ಅಂತಹ ಶಿಶುವಿಗೆ ಹೊದಿಸಕೂಡದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೌದಿಯನ್ನು ಮಾರಾಟ ಮಾಡುವುದಾದರೆ ಬೆಲೆಯನ್ನು ಹೇಗೆ ನಿಗದಿಪಡಿಸಬೇಕು?
ಉತ್ತರ: ಬಟ್ಟೆ ಹಳೆಯದೆಂಬ ಕಾರಣಕ್ಕೆ ದಾರದ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಕೌದಿಯಲ್ಲಿ ಮುಖ್ಯ ವೆಚ್ಚವು ಶ್ರಮವೇ ಆಗಿರುತ್ತದೆ. ಒಂದು ಸಾಲಿಗೆ 12 ನಿಮಿಷ ತಗಲಿದಲ್ಲಿ 50 ಸಾಲುಗಳಿಗೆ 10 ಗಂಟೆಯಾಗುತ್ತದೆ. ಬಟ್ಟೆ ಸಿದ್ಧಪಡಿಸುವ ಮತ್ತು ಅಂಚು ಕಟ್ಟುವ ಸಮಯ ಬೇರೆ. ಮೊದಲ ಕೌದಿಯಿಂದಲೇ ಪ್ರತಿ ದಿನದ ವೇಳೆಯನ್ನು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ವ್ಯಾಪಾರಿಗಳು ಅಥವಾ ಗಿರಾಕಿಗಳು ಕೇಳಿದ ಬೆಲೆ ಗಿಟ್ಟುವುದೋ ಇಲ್ಲವೋ ಎಂದು ನಿರ್ಧರಿಸಲು ಆಧಾರವಿರುತ್ತದೆ.

ಪ್ರಶ್ನೆ: ಕುಶಲಕರ್ಮಿ ಗುರುತಿನ ಚೀಟಿ ದೊರೆಯುತ್ತದೆಯೇ?
ಉತ್ತರ: ಕೇಂದ್ರ ಜವಳಿ ಸಚಿವಾಲಯದ ಅಧೀನದಲ್ಲಿರುವ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಛೇರಿಯು ಕುಶಲಕರ್ಮಿಗಳಿಗೆ ಪೆಹಚಾನ್ ಗುರುತಿನ ಚೀಟಿಯನ್ನು ನೀಡುತ್ತದೆ. ಅರ್ಜಿದಾರರು ಕಸುಬನ್ನು ಸ್ವತಃ ಮಾಡುವವರೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಆದುದರಿಂದ ತಾವೇ ಹೊಲಿದ ಒಂದೆರಡು ಕೌದಿಗಳನ್ನು ಮಾರದೆ ಮಾದರಿಯಾಗಿ ಉಳಿಸಿಕೊಳ್ಳುವುದು ಉಪಯುಕ್ತ.

ಪ್ರಶ್ನೆ: ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಕೌದಿ ಹೊಲಿಗೆ ಸೇರಿದೆಯೇ?
ಉತ್ತರ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬು ಇದೆ, ಕೌದಿ ಹೊಲಿಗೆಯನ್ನು ಪ್ರತ್ಯೇಕ ಕಸುಬಾಗಿ ಹೆಸರಿಸಿಲ್ಲ. ಹೊಲಿಗೆ ಕಸುಬನ್ನೇ ಜೀವನೋಪಾಯವಾಗಿ ಉಳ್ಳವರು ತಮ್ಮ ಅರ್ಹತೆಯ ಬಗ್ಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು.

ಪ್ರಶ್ನೆ: ಕೌದಿಯನ್ನು ಒಗೆಯುವುದು ಹೇಗೆ?
ಉತ್ತರ: ತಣ್ಣೀರಿನಲ್ಲಿ ನೆನೆಸಿ ಕೈಯಿಂದ ಒಗೆದು, ಬಲವಾಗಿ ಹಿಂಡದೆ, ಹಾಸಿ ಒಣಗಿಸುವುದು. ಪದರಗಳ ನಡುವೆ ತೇವ ಉಳಿದರೆ ಮುಗ್ಗಲು ವಾಸನೆ ಬರುವುದರಿಂದ ಪೂರ್ಣ ಒಣಗಿದ ನಂತರವೇ ಮಡಚಿಡಬೇಕು. ಹೊಲಿಗೆ ಬಿಟ್ಟಲ್ಲಿ ಕೂಡಲೇ ಹೊಲಿದು, ಮೇಲ್ಪದರ ಹರಿದಲ್ಲಿ ತೇಪೆ ಹಾಕಿದರೆ ಅದೇ ಕೌದಿಯನ್ನು ಹಲವು ವರ್ಷ ಬಳಸಬಹುದು.