ಕುರ್ಚಿ ಅಲುಗಿದ ಮಾತ್ರಕ್ಕೆ ಎಲೆಕ್ಷನ್ ಬರುವುದಿಲ್ಲ

ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಕುರ್ಚಿ ಅಲುಗುತ್ತಿದೆ ಎಂದು ಟಿ.ವಿ. ಅರಚತೊಡಗಿದರೆ ಸಾಕು, ಕೊಪ್ಪಳ ಜಿಲ್ಲೆಯ ವಿರೂಪಾಪುರಗಡ್ಡೆಯ ತುಂಗಭದ್ರೆ ದಡದಲ್ಲಿ ಹರಿಗೋಲಿಗೆ ಕಾದು ನಿಂತವರ ನಡುವೆ ಚುನಾವಣೆಯ ತಿಂಗಳೇ ನಿಗದಿಯಾಗಿಬಿಡುತ್ತದೆ. ‘ಸಿಎಂ ಬದ್ಲಾದ ಅಂದ್ರ ಎಲೆಕ್ಷನ್ ಬಂದಂಗ ಬಿಡ್ರಿ’ ಎಂದು ಒಬ್ಬರ ತೀರ್ಪು. ‘ನಾವು ಆರಿಸಿದ್ದು ಒಬ್ಬನ್ನ, ಕುಂತಾಂವ ಇನ್ನೊಬ್ಬ, ಇದು ನಡೀತೈತೇನು?’ ಎಂದು ಇನ್ನೊಬ್ಬರ ತಕರಾರು.

ನಡೆಯುತ್ತದೆ. 1988ರಿಂದ 2021ರವರೆಗೆ ಕರ್ನಾಟಕದಲ್ಲಿ ಹನ್ನೊಂದು ಸಲ, ವಿಧಾನಸಭೆಗೆ ಹೊಸ ಚುನಾವಣೆ ಇಲ್ಲದೆಯೇ ಹೊಸ ಮುಖ್ಯಮಂತ್ರಿ ಬಂದಿದ್ದಾರೆ. ಇಷ್ಟಾದರೂ ಹನ್ನೆರಡನೆಯ ಸಲಕ್ಕೆ ಅದೇ ಪ್ರಶ್ನೆ ಎದುರಾದಾಗ ಉತ್ತರ ಹೇಳುವವರ ತಾಳ್ಮೆ ತಪ್ಪಿದರೆ ಅಚ್ಚರಿಯಿಲ್ಲ.

ಗಡ್ಡೆಯ ಮತದಾರ ಗುಂಡಿ ಒತ್ತುವುದು ಗಂಗಾವತಿಯ ಶಾಸಕರಿಗಾಗಿ, ಮುಖ್ಯಮಂತ್ರಿಗಾಗಿ ಅಲ್ಲ. ಸಂವಿಧಾನದ 172ನೇ ವಿಧಿ ಐದು ವರ್ಷದ ಆಯಸ್ಸು ಕೊಟ್ಟಿರುವುದು ವಿಧಾನಸಭೆಗೆ. ಮುಖ್ಯಮಂತ್ರಿಯನ್ನು 164ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಸದನದ ವಿಶ್ವಾಸ ಇರುವಷ್ಟು ದಿನ ಅವರ ಆಡಳಿತ. ಹುಟ್ಟು ಹಾಕುವವ ಬದಲಾದನೆಂದು ಯಾರೂ ಹರಿಗೋಲನ್ನು ಹೊಸದಾಗಿ ಹೆಣೆಯುವುದಿಲ್ಲ.

2004ರಲ್ಲಿ ಆಯ್ಕೆಯಾದ ವಿಧಾನಸಭೆಯನ್ನೇ ನೋಡಿ. ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58, ಯಾರಿಗೂ ಬಹುಮತವಿಲ್ಲ. ಕಾಂಗ್ರೆಸ್-ಜೆಡಿಎಸ್ ಕೂಡಿ ಧರಂ ಸಿಂಗ್ ಮುಖ್ಯಮಂತ್ರಿಯಾದರು. 2006ರ ಫೆಬ್ರವರಿ 3ರಂದು ಅದೇ ಶಾಸಕರ ನಡುವೆ ಲೆಕ್ಕ ಬೇರೆಯಾಗಿ, ಎಚ್.ಡಿ. ಕುಮಾರಸ್ವಾಮಿ ಬಿಜೆಪಿ ಜೊತೆಗೂಡಿ ಪ್ರಮಾಣವಚನ ತೆಗೆದುಕೊಂಡರು. ತಲಾ ಇಪ್ಪತ್ತು ತಿಂಗಳ ಆ ಸರದಿಗೆ ‘20-20 ಸರ್ಕಾರ’ ಎಂದೇ ಹೆಸರಾಯಿತು. ಸರದಿ ಬಂದಾಗ, 2007ರ ಅಕ್ಟೋಬರ್‌ನಲ್ಲಿ, ಕುರ್ಚಿ ಕೈಬದಲಾಗಲಿಲ್ಲ; ‘ವಚನಭ್ರಷ್ಟ’ ಎಂಬ ಪದ ಊರೂರಿನ ಕಟ್ಟೆಗಳಲ್ಲಿ ಓಡಾಡಿತು. ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರ್ 12ಕ್ಕೆ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದರು, 19ಕ್ಕೆ ರಾಜೀನಾಮೆ ಕೊಟ್ಟರು. ಹೊಸ ಸರ್ಕಾರದ ದಾರಿಗಳೆಲ್ಲ ಮುಚ್ಚಿದ ಮೇಲೆ ಸಭೆ ವಿಸರ್ಜನೆಯಾಗಿ, 2008ರ ಮೇ ತಿಂಗಳಲ್ಲಿ ಚುನಾವಣೆ ನಡೆಯಿತು.

ಇದು ನಮ್ಮವರ ಕಿತಾಪತಿ, ಬೇರೆ ದೇಶದಲ್ಲಿ ಹೀಗಿಲ್ಲ ಎನ್ನುವವರಿಗೆ ಐರ್ಲೆಂಡ್ ಇದೆ. ಅಲ್ಲಿನ ಲೇಬರ್ ಪಕ್ಷ ಪ್ರಧಾನಿ ಆಲ್ಬರ್ಟ್ ರೆನಾಲ್ಡ್ಸ್ ಸಖ್ಯ ಬಿಟ್ಟು, 1994ರ ಡಿಸೆಂಬರ್‌ನಲ್ಲಿ ಚುನಾವಣೆಯಿಲ್ಲದೆ ಅದೇ ಸಂಸತ್ತಿನಲ್ಲಿ ಜಾನ್ ಬ್ರೂಟನ್ ಅವರನ್ನು ಪ್ರಧಾನಿ ಮಾಡಿತು. 2020ರಲ್ಲಿ ಥೇಟ್ ನಮ್ಮ 20-20 ಥರದ ಒಪ್ಪಂದವೇ ಆಯಿತು: ಮೊದಲು ಮೀಹಾಲ್ ಮಾರ್ಟಿನ್, ನಂತರ ಲಿಯೊ ವರಾಡ್ಕರ್. 2022ರ ಡಿಸೆಂಬರ್ 17ರಂದು ಕುರ್ಚಿ ಸದ್ದಿಲ್ಲದೆ ಕೈಬದಲಾಯಿತು. 2024ರ ಏಪ್ರಿಲ್‌ನಲ್ಲಿ ವರಾಡ್ಕರ್ ಜಾಗಕ್ಕೆ ಸೈಮನ್ ಹ್ಯಾರಿಸ್ ಬಂದರು. ಜನ ಮತಗಟ್ಟೆಗೆ ಹೋದದ್ದು ಆ ವರ್ಷದ ನವೆಂಬರ್‌ನಲ್ಲಿ. ನಮ್ಮ ಸಂವಿಧಾನ ರಚಿಸಿದವರು ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಐರ್ಲೆಂಡಿನಿಂದಲೇ ಮಾದರಿ ತಂದಿದ್ದರು. ಸರದಿ ಬಂದಾಗ ಕುರ್ಚಿಯಿಂದ ಏಳುವ ಅಭ್ಯಾಸ ಮಾತ್ರ ಆ ಗಂಟಿನಲ್ಲಿ ಬರಲಿಲ್ಲ.

ಹಾಗಾದರೆ ಈ ನಂಬಿಕೆ ಸಾಯುವುದೇಕಿಲ್ಲ? ಕೊಪ್ಪಳದವರ ಕೈಯಲ್ಲೊಂದು ‘ಸಾಕ್ಷಿ’ ಇದೆ. 2011ರ ಆಗಸ್ಟ್ 4ರಂದು ಡಿ.ವಿ. ಸದಾನಂದ ಗೌಡ ಮುಖ್ಯಮಂತ್ರಿಯಾದರು. ಮರುತಿಂಗಳೇ ಕೊಪ್ಪಳದಲ್ಲಿ ಮತದಾನ. ‘ನೋಡ್ರಿ, ಬಂತಿಲ್ಲೋ?’ ಬಂದದ್ದೇನೋ ನಿಜ, ಕಾರಣ ಬೇರೆ. 2008ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಕರಡಿ ಸಂಗಣ್ಣ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಖಾಲಿಯಾದ ಆ ಸ್ಥಾನಕ್ಕೆ ಉಪಚುನಾವಣೆ ನಡೆದು, ಅವರೇ ಬಿಜೆಪಿಯಿಂದ ಗೆದ್ದರು. ಪಕ್ಕದ ಕುಷ್ಟಗಿ, ಯಲಬುರ್ಗಾ, ಗಂಗಾವತಿಯಲ್ಲಿ ಮತಯಂತ್ರ ಕಪಾಟಿನಿಂದ ಈಚೆಗೇ ಬರಲಿಲ್ಲ.

2019ರಲ್ಲಿ ಗೆರೆ ಇನ್ನೂ ಸ್ಪಷ್ಟವಾಗಿತ್ತು. ಜುಲೈ 23ರಂದು ವಿಶ್ವಾಸಮತದಲ್ಲಿ 99-105ರಿಂದ ಸೋತ ಕುಮಾರಸ್ವಾಮಿ ಇಳಿದರು, 26ರಂದು ಯಡಿಯೂರಪ್ಪ ಏರಿದರು. ಡಿಸೆಂಬರ್ 5ರಂದು ಹೊಸಪೇಟೆ ಕಡೆಯ ವಿಜಯನಗರ ಕ್ಷೇತ್ರದಲ್ಲಿ ಉಪಚುನಾವಣೆ; ತುಂಗಭದ್ರೆಯ ಈಚೆ ದಡದ ಗಂಗಾವತಿಯವರ ಬೆರಳಿಗೆ ಶಾಯಿಯ ಚುಕ್ಕೆಯೂ ಇಲ್ಲ. ಸರ್ಕಾರ ಎರಡೂ ದಡಕ್ಕೆ ಬದಲಾಗಿತ್ತು, ಶಾಸಕ ಸ್ಥಾನ ಖಾಲಿಯಾಗಿದ್ದದ್ದು ಒಂದೇ ದಡದಲ್ಲಿ.

ಈ ನಂಬಿಕೆಗೆ ಮರಿ ನಂಬಿಕೆಗಳೂ ಉಂಟು. ರಾಷ್ಟ್ರಪತಿ ಆಳ್ವಿಕೆ ಎಂದರೆ ವಿಧಾನಸಭೆ ಸತ್ತಂತೆ ಎನ್ನುತ್ತಾರೆ; 1990ರ ಅಕ್ಟೋಬರ್‌ನಲ್ಲಿ ವಾರದ ಆಳ್ವಿಕೆ ಮುಗಿದು ಅದೇ ಸಭೆಯಿಂದ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು. ಶಾಸಕರಲ್ಲದವರು ಮುಖ್ಯಮಂತ್ರಿ ಆಗುವಂತಿಲ್ಲ ಎನ್ನುತ್ತಾರೆ. ಸದಾನಂದ ಗೌಡರು ಪ್ರಮಾಣವಚನದ ದಿನ ಸಂಸದರಾಗಿದ್ದರು, ಆರು ತಿಂಗಳೊಳಗೆ ಒಂದು ಸದನ ಸೇರಿದರಾಯಿತು. ಬಹುಮತ ಎಣಿಸುವುದು ರಾಜಭವನದಲ್ಲಿ ಎನ್ನುವವರಿಗೆ 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪಿದೆ: ಎಣಿಕೆ ಸದನದಲ್ಲೇ.

ಇಷ್ಟೆಲ್ಲ ಸಂಖ್ಯೆ ಒಪ್ಪಿಸಿದರೂ ‘ಚಾಮರಾಜನಗರಕ್ಕೆ ಹೋದ ಸಿಎಂ ಉಳಿಯಲ್ಲ’ ಎಂಬ ಒಂದು ವಾಕ್ಯದ ಮುಂದೆ ಎಲ್ಲ ಸಪ್ಪೆ. 2008ರ ಚುನಾವಣೆಯ ಬಳಿಕದ ಆಳ್ವಿಕೆಯಲ್ಲಿ ಅತ್ತ ಸುಳಿಯದ ಯಡಿಯೂರಪ್ಪ 2011ರಲ್ಲಿ ಕುರ್ಚಿ ಬಿಟ್ಟರು. ಮತ್ತೆ ಮತ್ತೆ ಹೋಗಿಬಂದ ಸಿದ್ದರಾಮಯ್ಯ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. ಸ್ಟುಡಿಯೋದ ಜ್ಯೋತಿಷಿಗೆ ಗ್ರಹಗಳ ಚಲನೆ ಕಾಣುತ್ತದೆ, ಈ ಎರಡು ಸಾಲು ಮಾತ್ರ ಕಾಣುವುದಿಲ್ಲ. ಶಾಸಕರ ತಲೆ ಎಣಿಸುವುದಕ್ಕಿಂತ ಶನಿಯ ಮನೆ ಎಣಿಸುವುದು ಸುಲಭವೇನೋ.

ಸರ್ಕಾರ ಬದಲಾದರೆ ಹಳೆಯ ಆದೇಶಗಳು ತಾವಾಗಿಯೇ ಬಿದ್ದುಹೋಗುತ್ತವೆ ಎಂಬ ಮಾತಿಗಂತೂ ಗಡ್ಡೆಯೇ ಉತ್ತರ. ಇಲ್ಲಿನ ರೆಸಾರ್ಟ್‌ಗಳ ತೆರವಿಗೆ ಹೈಕೋರ್ಟ್ ಹೇಳಿದ್ದು 2015ರಲ್ಲಿ, ಸಿದ್ದರಾಮಯ್ಯ ಕಾಲದಲ್ಲಿ. ಆಮೇಲೆ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ ಬಂದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಗಡ್ಡೆಗೆ ಇಳಿದವು.