ಕಾರಿಗೆ ಹೊಸ ಅಲಾಯ್ ವೀಲ್ ಹಾಕಿಸ್ತೀರಾ? ಅಂದಕ್ಕೆ ಮರುಳಾಗುವ ಮುನ್ನ ಈ ಅಳತೆ ನೋಡಿ

ಚೆನ್ನೈ: ಕಾರು ಕೊಂಡ ಮೇಲೆ ಅನೇಕರ ಮೊದಲ ಆಸೆ ಅಲಾಯ್ ವೀಲ್. ಚೆನ್ನೈನಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ಜಿಪಿ ರೋಡ್‌ನಲ್ಲಿ ಸಾಲು ಸಾಲು ಅಂಗಡಿಗಳಿವೆ, ಹಳೆಯ ಬಿಡಿಭಾಗ ಬೇಕೆಂದರೆ ಪುದುಪೇಟೆ ಇದೆ. ಆದರೆ ಕಣ್ಣಿಗೆ ಚೆಂದ ಕಂಡ ಚಕ್ರ ನಿಮ್ಮ ಕಾರಿಗೆ ಹೊಂದುತ್ತದೆ ಎಂದೇನಿಲ್ಲ. ಹೊಂದದಿದ್ದರೆ ನಷ್ಟ ಜೇಬಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಟೈರ್ ಮೇಲಿನ ಸಂಖ್ಯೆ ಏನು ಹೇಳುತ್ತದೆ?

ಚೆನ್ನೈ ಬಳಿಯ ಇರುಂಗಾಟುಕೋಟೈನಲ್ಲಿ ತಯಾರಾಗುವ ಹ್ಯುಂಡೈ ಐ20 ಕಾರನ್ನೇ ನೋಡಿ. ಕೆಳಹಂತದ ಮಾದರಿಗೆ 185/65 ಆರ್15 ಟೈರ್. ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. ಮೇಲ್ಹಂತದ ಮಾದರಿಗೆ 195/55 ಆರ್16. ರಿಮ್ ಒಂದು ಇಂಚು ದೊಡ್ಡದಾದರೂ ಟೈರ್ ಗೋಡೆ ತಗ್ಗಿದೆ. ಹೀಗಾಗಿ ಎರಡರ ಒಟ್ಟು ವ್ಯಾಸವೂ ಸುಮಾರು 621 ಮಿ.ಮೀ.! ದೊಡ್ಡ ರಿಮ್ ಹಾಕಿಸುವ ಸರಿಯಾದ ವಿಧಾನ ಇದೇ.

ಅದೇ ಜಾಗಕ್ಕೆ 205/65 ಆರ್16 ಹಾಕಿದರೆ ವ್ಯಾಸ ಸುಮಾರು 673 ಮಿ.ಮೀ. ಆಗುತ್ತದೆ, ಅಂದರೆ ಶೇ. 8ರಷ್ಟು ಹೆಚ್ಚು. ಸ್ಪೀಡೋಮೀಟರ್ 100 ತೋರಿಸುವಾಗ ಕಾರು ಅದಕ್ಕಿಂತ ಶೇ. 8ರಷ್ಟು ವೇಗವಾಗಿ ಓಡುತ್ತಿರುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸ್ಟೀರಿಂಗ್ ತಿರುಗಿಸಿದಾಗ ಟೈರ್ ಒಳಗಡೆ ಉಜ್ಜುವ ಸಾಧ್ಯತೆಯೂ ಇದೆ.

ನಾಲ್ಕು ಬೋಲ್ಟ್ ಇದ್ದರೆ ಸಾಕೇ?

ಸಾಲದು. ಬೋಲ್ಟ್ ರಂಧ್ರಗಳ ಕೇಂದ್ರಗಳನ್ನು ಹಾದುಹೋಗುವ ವೃತ್ತದ ವ್ಯಾಸವನ್ನು ಪಿಸಿಡಿ ಎನ್ನುತ್ತಾರೆ. ಐ20ಗೆ ಇದು 4x100. ಚೆನ್ನೈ ಬಳಿಯ ಮರೈಮಲೈ ನಗರದಲ್ಲೇ ತಯಾರಾಗುತ್ತಿದ್ದ ಫೋರ್ಡ್ ಇಕೋಸ್ಪೋರ್ಟ್‌ಗೂ ನಾಲ್ಕೇ ಬೋಲ್ಟ್, ಆದರೆ ಅಳತೆ 4x108. ಒಂದರ ಚಕ್ರ ಇನ್ನೊಂದಕ್ಕೆ ಕೂರುವುದಿಲ್ಲ. 'ಹೇಗೋ ಕೂರಿಸುತ್ತೇವೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ.

ನಡುವಿನ ರಂಧ್ರವೂ ಮುಖ್ಯ. ಐ20ಗೆ ಅದು 54.1 ಮಿ.ಮೀ. ಹೊರಗೆ ಸಿಗುವ ಚಕ್ರಗಳಲ್ಲಿ ಇದು ದೊಡ್ಡದಿರುವುದು ಸಾಮಾನ್ಯ. ಆಗ ಹಬ್ ರಿಂಗ್ ಹಾಕಿಸಲೇಬೇಕು, ಇಲ್ಲವಾದರೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ಆಫ್‌ಸೆಟ್ ಮರೆಯಬೇಡಿ

ರಿಮ್ ಮೇಲೆ 'ಇಟಿ' ಎಂದು ಬರೆದಿರುವುದು ಆಫ್‌ಸೆಟ್. ಮೂಲ ಸಂಖ್ಯೆಗಿಂತ ಕಡಿಮೆಯಾದಷ್ಟೂ ಚಕ್ರ ಹೊರಚಾಚಿ ವೀಲ್ ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ. ಹೆಚ್ಚಾದರೆ ಚಕ್ರ ಒಳಸರಿದು ಸಸ್ಪೆನ್ಷನ್‌ಗೆ ತಾಗಬಹುದು.

ಚೆನ್ನೈ ಮಳೆಗೆ ಎಂಥ ಟೈರ್?

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ರಸ್ತೆ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಗೋಡೆ ತೀರಾ ತಗ್ಗಿದ ಟೈರ್ ಗುಂಡಿಗೆ ಬಿದ್ದರೆ ಹೊಡೆತ ನೇರವಾಗಿ ರಿಮ್‌ಗೆ. ಇನ್ನು ತೀರಾ ಅಗಲದ ಟೈರ್ ನಿಂತ ನೀರಿನ ಮೇಲೆ ಬೇಗ ಜಾರುತ್ತದೆ. ಹಾಗಾಗಿ ಒಂದು ಇಂಚಿಗಿಂತ ಹೆಚ್ಚು ದೊಡ್ಡ ರಿಮ್‌ಗೆ ಹೋಗದಿರುವುದೇ ಜಾಣತನ.

ಅಳತೆಯ ಪಕ್ಕದಲ್ಲಿರುವ ಭಾರ ಸೂಚ್ಯಂಕವನ್ನೂ ಓದಿ. 88 ಎಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು. ನಿಮ್ಮ ಮಾದರಿಗೆ ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆ ಬೇಡ. ಗೋಡೆಯ ಮೇಲಿನ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷ: 2324 ಎಂದರೆ 2024ರ 23ನೇ ವಾರ. ಹಳೆ ಟೈರ್ ಕೊಳ್ಳುವವರು ಇದನ್ನು ನೋಡಲೇಬೇಕು. ಕಾರಿನ ಟೈರ್‌ನ ಪಟ್ಟಿ ಆಳ 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ನಿಮ್ಮ ಕಾರಿನ ಮೇಲ್ಹಂತದ ಮಾದರಿಗೆ ಕಂಪನಿಯೇ ಕೊಡುವ ಅಳತೆ ಆರಿಸುವುದು ಸುರಕ್ಷಿತ ದಾರಿ. ಬದಲಾವಣೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಇಲ್ಲದಿದ್ದರೆ ಅಪಘಾತವಾದಾಗ ಕ್ಲೇಮ್‌ಗೆ ತಕರಾರು ಬರಬಹುದು.

ಕೊನೆಯದಾಗಿ, ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮತ್ತು ಮಾಲೀಕರ ಕೈಪಿಡಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಹೊಸ ಚಕ್ರ ಹಾಕಿಸಿ 50ರಿಂದ 100 ಕಿ.ಮೀ. ಓಡಿಸಿದ ಬಳಿಕ ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಲು ಮರೆಯಬೇಡಿ.