ಕರೆಂಟ್ ಕೊಟ್ಟರೆ ಕೈ ಬರುತ್ತಾ?

ಹಳೇ ದಾವಣಗೆರೆಯ ಓಣಿಗಳಲ್ಲಿ ನನ್ನ ಹೆಸರು ಗೊತ್ತಿರುವವರು ಕಡಿಮೆ. ‘ಕರೆಂಟ್ ಕೊಡೋ ಮೇಡಂ’ ಅಂದರೆ ಮನೆ ತೋರಿಸುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನದ ಮೇಲೆ ಸ್ಕೂಟಿಯಲ್ಲಿ ಮನೆಮನೆಗೆ ಓಡಾಟ. ಮನೆಗಳಲ್ಲಿ ನನಗಾಗಿ ಕಾಯುವವರಲ್ಲಿ ಹೆಚ್ಚಿನವರು ಲಕ್ವ ಹೊಡೆದವರು. ಮೊದಲ ದಿನ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಹೊತ್ತಿಗೇ ಎಲ್ಲರ ಕಣ್ಣು ನನ್ನ ಬ್ಯಾಗಿನ ಮೇಲೆ. “ಮಿಷನ್ ತಂದಿಲ್ಲೇನ್ರೀ ಮೇಡಂ? ಬರೀ ಕೈ ಎತ್ತಿ ಇಳಿಸೋದಾದ್ರೆ ನಾವೇ ಮಾಡ್ತಿದ್ವಿ.”

ಅವರ ಬೇಸರ ನನಗೆ ಅರ್ಥವಾಗುತ್ತದೆ. ಮಿಷನ್ ಹಚ್ಚಿದಾಗ ಬಿದ್ದ ಕೈಯ ಬೆರಳು ಟಕ್ಕನೆ ಎದ್ದು ನಿಲ್ಲುತ್ತದೆ. ಮನೆಯವರ ಮುಖ ಅರಳುತ್ತದೆ. ಸ್ವಿಚ್ ಆರಿಸಿದರೆ ಬೆರಳು ಮತ್ತೆ ಬೀಳುತ್ತದೆ, ಯಾಕೆಂದರೆ ತೊಂದರೆ ಇರುವುದು ಬೆರಳಿನಲ್ಲಲ್ಲ. ಕೈಯನ್ನು ಆಡಿಸುವ ಮಿದುಳಿನ ಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ. ಸತ್ತ ಭಾಗ ಮರಳಿ ಹುಟ್ಟುವುದಿಲ್ಲ, ಅದರ ಕೆಲಸವನ್ನು ಅಕ್ಕಪಕ್ಕದ ಭಾಗಗಳು ಕಲಿತುಕೊಳ್ಳಬೇಕು. ರೋಗಿ ತಾನೂ ಬೆರಳೆತ್ತಲು ಜೀವ ಬಿಟ್ಟು ಯತ್ನಿಸುವಾಗ ಜೊತೆಗೆ ಕರೆಂಟ್ ಕೊಟ್ಟರೆ ಉಪಯೋಗವಿದೆ. ಅವರು ಟಿ.ವಿ. ನೋಡುತ್ತಾ ಮಲಗಿದ್ದರೆ ಬರೀ ಸ್ನಾಯು ಕುಣಿಯುತ್ತದೆ, ಮಿದುಳು ಏನನ್ನೂ ಕಲಿಯುವುದಿಲ್ಲ.

ಮಿದುಳಿಗೆ ಈ ಕಲಿಕೆ ಸಾಧ್ಯ ಎಂಬುದು ಬರೀ ಸಮಾಧಾನದ ಮಾತಲ್ಲ. 1996ರಲ್ಲಿ ಅಮೆರಿಕದ ರಾಂಡಾಲ್ಫ್ ನುಡೋ ಮತ್ತು ಸಂಗಡಿಗರು ಮಂಗಗಳ ಮೇಲೆ ನಡೆಸಿದ ಪ್ರಯೋಗವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೈ ಆಡಿಸುವ ಮಿದುಳಿನ ಜಾಗದಲ್ಲಿ ಸಣ್ಣ ಗಾಯವಾದ ಮಂಗಗಳಿಗೆ ಪುಟ್ಟ ಗುಳಿಯಿಂದ ಬೆರಳಲ್ಲಿ ಕಾಳು ತೆಗೆಯುವ ಅಭ್ಯಾಸ ಮಾಡಿಸಿದಾಗ, ಗಾಯದ ಸುತ್ತಲಿನ ಭಾಗ ಕೈಯ ಕೆಲಸವನ್ನು ಬಿಟ್ಟುಕೊಡಲಿಲ್ಲ. ಇಂಥ ಪ್ರಯೋಗಗಳಲ್ಲಿ ಪ್ರಾಣಿಗಳು ಒಂದೇ ಕೆಲಸವನ್ನು ದಿನಕ್ಕೆ ನಾಲ್ಕುನೂರು, ಆರುನೂರು ಸಲ ಮಾಡುತ್ತವೆ. ನಾವು ಮನುಷ್ಯರಿಗೆ ಎಷ್ಟು ಮಾಡಿಸುತ್ತೇವೆ? ಕ್ಯಾಥರೀನ್ ಲ್ಯಾಂಗ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಥೆರಪಿ ಕೋಣೆಗಳಲ್ಲೇ ಕೂತು ಎಣಿಸಿದ್ದಾರೆ. ಒಂದು ಅವಧಿಯಲ್ಲಿ ಬಿದ್ದ ಕೈಯಿಂದ ಮಾಡಿಸಿದ ಉಪಯುಕ್ತ ಚಲನೆ ಸರಾಸರಿ 32. ಅದು ಅಮೆರಿಕ, ಕೆನಡಾದ ಸುಸಜ್ಜಿತ ಕೇಂದ್ರಗಳ ಲೆಕ್ಕ. ನಮ್ಮಲ್ಲಿ ಅರ್ಧ ಗಂಟೆಯ ಭೇಟಿಯಲ್ಲಿ ಹತ್ತು ನಿಮಿಷ ಬಿ.ಪಿ., ಸಕ್ಕರೆ, ಮಗನ ಮದುವೆ ಮಾತಿಗೇ ಹೋಗುತ್ತದೆ.

ಹಾಗಂತ ಎಣಿಕೆ ಏರಿಸುತ್ತಾ ಹೋದರೆ ಆಯಿತು ಎನ್ನುವಂತಿಲ್ಲ. ಅದೇ ಲ್ಯಾಂಗ್ 2016ರಲ್ಲಿ, ಲಕ್ವವಾಗಿ ಆರು ತಿಂಗಳು ದಾಟಿದ 85 ಮಂದಿಯನ್ನು ಗುಂಪುಗಳಾಗಿ ಮಾಡಿ, ಒಬ್ಬೊಬ್ಬರಿಗೆ 3,200ರಿಂದ 9,600, ಅದಕ್ಕೂ ಹೆಚ್ಚು ಚಲನೆಗಳನ್ನು ಮಾಡಿಸಿ ನೋಡಿದರು. ಹೆಚ್ಚು ಮಾಡಿದವರಿಗೆ ಹೆಚ್ಚು ಲಾಭ ಎಂಬ ಸರಳ ಲೆಕ್ಕ ಸಿಗಲಿಲ್ಲ. ಎಷ್ಟು ಎಂಬುದರಷ್ಟೇ ಯಾವಾಗ, ಏನು ಎಂಬುದೂ ಮುಖ್ಯ.

ಮೊದಲು ‘ಯಾವಾಗ’. ಲಕ್ವ ಹೊಡೆದ ಇಪ್ಪತ್ತನಾಲ್ಕು ಗಂಟೆಯೊಳಗೆ ಎಬ್ಬಿಸಿ ಓಡಾಡಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಒಂದು ಕಾಲಕ್ಕೆ ಬಲವಾಗಿತ್ತು. ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ಮುನ್ನಡೆಸಿದ ‘ಅವರ್ಟ್’ ಎಂಬ ಪ್ರಯೋಗ ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು, 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬೇಗನೆ ಎದ್ದು ಹೆಚ್ಚು ಹೊತ್ತು ಓಡಾಡಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು 46 ಶೇಕಡ, ಮಾಮೂಲಿ ಆರೈಕೆಯ ಗುಂಪಿನಲ್ಲಿ 50 ಶೇಕಡ. ಅವಸರ ಕೆಲಸಕ್ಕೆ ಬರಲಿಲ್ಲ. ಮುಂದೆ 2021ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಡ್ರೋಮರಿಕ್ ತಂಡ ಇನ್ನೊಂದು ತುದಿಯಿಂದ ಕೇಳಿತು: ಕೈಗೆ 20 ಗಂಟೆ ಹೆಚ್ಚುವರಿ ಅಭ್ಯಾಸ ಕೊಡೋಣ, ಆದರೆ ಒಬ್ಬರಿಗೆ ಮೊದಲ ತಿಂಗಳಲ್ಲೇ, ಇನ್ನೊಬ್ಬರಿಗೆ ಎರಡು-ಮೂರು ತಿಂಗಳಾದಾಗ, ಮತ್ತೊಬ್ಬರಿಗೆ ಆರು ತಿಂಗಳು ಕಳೆದ ಮೇಲೆ. ಪ್ರಯೋಗ ಚಿಕ್ಕದು, 72 ಜನ ಮಾತ್ರ. ಆದರೂ ಉತ್ತರ ಸ್ಪಷ್ಟವಾಗಿತ್ತು: ಎರಡು-ಮೂರು ತಿಂಗಳ ಗುಂಪಿಗೆ ಲಾಭ ಎಲ್ಲರಿಗಿಂತ ಹೆಚ್ಚು, ಮೊದಲ ತಿಂಗಳಿನವರಿಗೆ ಸ್ವಲ್ಪ ಕಡಿಮೆ, ಆರು ತಿಂಗಳು ದಾಟಿದವರಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ನಮ್ಮ ಕಡೆ ಆ ಎರಡು-ಮೂರು ತಿಂಗಳು ಎಲ್ಲಿ ಹೋಗುತ್ತವೆ ಗೊತ್ತೇ? ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಯಾರೋ ಹೇಳಿದ ಊರಿಗೆ ನಾಟಿ ಔಷಧಿಗೆ ಹೋಗುತ್ತಾರೆ. ಪಾರಿವಾಳದ ರಕ್ತ ಸವರುತ್ತಾರೆ. ಎಣ್ಣೆ ತಿಕ್ಕಿ, ಗಾಳಿ ತಾಗದಂತೆ ಕಿವಿಗೆ ಮಫ್ಲರ್ ಸುತ್ತಿ, ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಪಥ್ಯದ ಹೆಸರಲ್ಲಿ ಅರೆಹೊಟ್ಟೆ. ಹಣ ಕರಗಿ, ಭುಜ ಬಿಗಿದು, ಹಿಮ್ಮಡಿ ಗಟ್ಟಿಯಾದ ಮೇಲೆ ನನ್ನ ಫೋನು ರಿಂಗಾಗುತ್ತದೆ. ಎಣ್ಣೆ ತಿಕ್ಕಿದ್ದರ ಬಗ್ಗೆ ನನಗೆ ಜಗಳವಿಲ್ಲ, ಹಿತವಾಗುತ್ತದೆ. ಮಲಗಿಸಿದ್ದರ ಬಗ್ಗೆ ಜಗಳ.

ಆರು ತಿಂಗಳು ದಾಟಿದವರು ಕೈಚೆಲ್ಲಬೇಕಾಗಿಲ್ಲ ಎಂಬುದಕ್ಕೂ ಪುರಾವೆ ಇದೆ. ಲಂಡನ್ನಿನ ಕ್ವೀನ್ ಸ್ಕ್ವೇರ್ ಕೇಂದ್ರದಲ್ಲಿ ನಿಕ್ ವಾರ್ಡ್ ತಂಡ, ಲಕ್ವವಾಗಿ ಆರು ತಿಂಗಳು ದಾಟಿದವರೇ ಹೆಚ್ಚಿದ್ದ 224 ಮಂದಿಗೆ ಮೂರೇ ವಾರದಲ್ಲಿ 90 ಗಂಟೆ ಕೈಯ ತರಬೇತಿ ಕೊಟ್ಟಿತು. 2019ರಲ್ಲಿ ಬಂದ ಅವರ ವರದಿ ಪ್ರಕಾರ ಸುಧಾರಣೆ ಗಣನೀಯವಾಗಿತ್ತು, ಆರು ತಿಂಗಳ ನಂತರವೂ ಉಳಿದಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ, ಆ ಮಟ್ಟಿಗೆ ಅದು ಕೊನೆಯ ಮಾತಲ್ಲ. ದಿನಕ್ಕೆ ಆರು ಗಂಟೆಯ ಕೆಲಸ ಅದು. ವಾರಕ್ಕೆ ಎರಡು ಸಲ ನಾನು ಬಂದು ಹೋಗುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಇನ್ನು ‘ಏನು’. ಇಲ್ಲಿ ನನಗೆ ಕಾಟನ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜಾರು ನೆನಪಾಗುತ್ತಾರೆ. ಬಲಗೈ ಬೆರಳು ಅಷ್ಟಿಷ್ಟು ಆಡುತ್ತಿದ್ದವು, ಮಣಿಕಟ್ಟು ಏಳುತ್ತಿತ್ತು. ಆದರೆ ಅವರು ಅದನ್ನು ಬಳಸುತ್ತಲೇ ಇರಲಿಲ್ಲ. ಸೊಸೆ ಹತ್ತಿರ ಕೂತು ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು, ಗುಂಡಿ ಹಾಕುತ್ತಿದ್ದಳು. “ಮಾವಾರಿಗೆ ತ್ರಾಸಾಗ್ತತಿ ಮೇಡಂ, ಬಿಡ್ರಿ” ಎನ್ನುತ್ತಿದ್ದಳು. ಓಣಿಯವರೆಲ್ಲ ಅವಳನ್ನು ಹೊಗಳುವವರೇ. ಬಳಸಲು ಹೋಗಿ ಪದೇ ಪದೇ ಸೋತ ಮಿದುಳು ‘ಈ ಕೈ ಬೇಡ’ ಎಂದು ಕಲಿತುಬಿಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೌಬ್ ತೋರಿಸಿಕೊಟ್ಟರು. ಅವರ ಉಪಾಯ ಸ್ವಲ್ಪ ಕಟುವಾದದ್ದು: ಚೆನ್ನಾಗಿರುವ ಕೈಗೆ ದಪ್ಪ ಕೈಗವಸು ತೊಡಿಸಿ ಕಟ್ಟಿಹಾಕುವುದು, ಬಿದ್ದ ಕೈಗೆ ಬೇರೆ ದಾರಿಯೇ ಇಲ್ಲದಂತೆ ಮಾಡುವುದು. 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ‘ಎಕ್ಸೈಟ್’ ಪ್ರಯೋಗದಲ್ಲಿ ಎರಡು ವಾರ ಹೀಗೆ ತರಬೇತಿ ಪಡೆದವರ ಕೈ, ಒಂದು ವರ್ಷದ ನಂತರವೂ ಉಳಿದವರಿಗಿಂತ ಮೇಲಿತ್ತು. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಏಳುತ್ತಿರುವವರಿಗೆ ಮಾತ್ರ ಇದು ಆಗುತ್ತದೆ. ಪೂರ್ತಿ ಬಿದ್ದ ಕೈಯವರಿಗೆ ಹೀಗೆ ಮಾಡಿದರೆ ಅದು ಹಿಂಸೆ.

ಅಜ್ಜಾರ ಎಡಗೈಗೆ ಟವೆಲ್ ಸುತ್ತಿ ಮುಂದೆ ಮೊರದ ತುಂಬ ಅವರೆಕಾಯಿ ಇಟ್ಟೆವು. ಮೊದಮೊದಲು ಬೈದರು, ನನಗೂ ಸೊಸೆಗೂ ಸೇರಿಸಿ. ಕಾಳಿಗಿಂತ ಸಿಪ್ಪೆಯೇ ಹೆಚ್ಚು ಮೊರಕ್ಕೆ ಬೀಳುತ್ತಿತ್ತು. ಆಮೇಲೆ ಮಂಡಕ್ಕಿ ಮುಕ್ಕುವುದು, ಚೊಂಬು ಹಿಡಿಯುವುದು, ಒದ್ದೆ ಚಡ್ಡಿ ಹಿಂಡುವುದು. ರಬ್ಬರ್ ಚೆಂಡು ಅದುಮುವುದಕ್ಕಿಂತ ಇವೇ ಮೇಲು, ಯಾಕೆಂದರೆ ಚೆಂಡು ಅದುಮಿ ಅದುಮಿ ಬರುವುದು ಚೆಂಡು ಅದುಮುವ ಕಲೆ. ಅದರ ಮೇಲೆ ಲಕ್ವವಾದವರ ಬೆರಳು ಮುಚ್ಚಿಕೊಳ್ಳುವುದೇ ಹೆಚ್ಚು. ಅವುಗಳಿಗೆ ಬೇಕಾದದ್ದು ತೆರೆದುಕೊಳ್ಳುವ ಅಭ್ಯಾಸ. ಬಾಗಿಲ ಮೇಲೆ ರಾಟೆ ಕಟ್ಟಿ, ಚೆನ್ನಾಗಿರುವ ಕೈಯಿಂದ ಹಗ್ಗ ಜಗ್ಗಿ ಬಿದ್ದ ಕೈಯನ್ನು ಮೇಲೆತ್ತಿಸುವ ಮನೆಗಳನ್ನು ಈಗಲೂ ನೋಡುತ್ತೇನೆ. ಆ ರಾಟೆಯಿಂದ ಭುಜದ ನೋವು ಹೆಚ್ಚುತ್ತದೆ ಎಂದು ಹೇಳಿದ ಅಧ್ಯಯನ 1990ರಷ್ಟು ಹಳೆಯದು. ದಯವಿಟ್ಟು ಬಿಚ್ಚಿಬಿಡಿ.

ಕೈ ಪೂರ್ತಿ ಬಿದ್ದವರಿಗೆ ನಾನು ಗೋಡೆಗೆ ನೇತುಹಾಕಿದ ಕನ್ನಡಿಯನ್ನೇ ಇಳಿಸಿಕೊಳ್ಳುತ್ತೇನೆ. ಕತ್ತರಿಸಿಹೋದ ಕೈಯಲ್ಲೂ ನೋವು ಅನುಭವಿಸುವವರಿಗಾಗಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಹೂಡಿದ ಉಪಾಯವಿದು. ಎರಡೂ ಕೈಗಳ ನಡುವೆ ಕನ್ನಡಿ ನಿಲ್ಲಿಸಿ ಒಳ್ಳೆಯ ಕೈ ಆಡಿಸಿದರೆ, ಪ್ರತಿಬಿಂಬದಲ್ಲಿ ಬಿದ್ದ ಕೈಯೇ ಆಡಿದಂತೆ ಕಾಣುತ್ತದೆ. ಇದು ಲಕ್ವಕ್ಕೂ ಉಪಯೋಗಿಯೇ ಎಂಬ ಪ್ರಶ್ನೆಗೆ, 62 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆ 2018ರಲ್ಲಿ ಹೌದೆಂದಿತು. ಬೇರೆ ಅಭ್ಯಾಸದ ಜೊತೆಗೆ ಇದನ್ನು ಮಾಡಬೇಕು, ಅದರ ಬದಲಿಗೆ ಅಲ್ಲ. ಖರ್ಚಂತೂ ಇಲ್ಲ.

ಖರ್ಚಿನ ಯಂತ್ರಗಳ ಕತೆ ಬೇರೆ. ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ರಾಟುಲ್ಸ್’ ಪ್ರಯೋಗದಲ್ಲಿ, ಹನ್ನೆರಡು ವಾರ ರೋಬೋಟ್ ಕೈಹಿಡಿದು ಆಡಿಸಿದರೂ ಮಾಮೂಲಿ ಆರೈಕೆಗಿಂತ ಕೈಯ ಕೆಲಸ ಸುಧಾರಿಸಲಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುವ ವಿಧಾನವನ್ನು ಅಮೆರಿಕದ ‘ಲೀಪ್ಸ್’ ಪ್ರಯೋಗ 408 ಜನರಲ್ಲಿ ಪರೀಕ್ಷಿಸಿತು. ಥೆರಪಿಸ್ಟ್ ಮನೆಗೇ ಬಂದು ಮಾಡಿಸಿದ ವ್ಯಾಯಾಮವನ್ನು ಅದು ಮೀರಿಸಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಮಾತ್ರೆ? ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಲಕ್ವದ ಕೈಕಾಲಿಗೂ ಒಳ್ಳೆಯದೆಂದು ಕೆಲವು ವರ್ಷ ಆಸೆ ಹುಟ್ಟಿತ್ತು. ಬ್ರಿಟನ್, ಸ್ವೀಡನ್, ಆಸ್ಟ್ರೇಲಿಯಾ ಮೊದಲಾದ ಕಡೆ ನಡೆದ ಮೂರು ದೊಡ್ಡ ಪ್ರಯೋಗಗಳು 2020ರ ಹೊತ್ತಿಗೆ ಆ ಆಸೆಗೆ ನೀರೆರಚಿದವು. ಮೂಳೆ ಮುರಿತ ಹೆಚ್ಚಿದ್ದೇ ಬಂತು.

ಕರೆಂಟಿನ ವಿಷಯದಲ್ಲಿ ಒಂದು ಹೊಸ ಸುದ್ದಿ ಇದೆ, ಅದನ್ನು ಬಚ್ಚಿಡುವುದಿಲ್ಲ. ಎದೆಯ ಚರ್ಮದ ಕೆಳಗೆ ಪುಟ್ಟ ಸಾಧನ ಇಟ್ಟು, ಕತ್ತಿನ ವೇಗಸ್ ನರಕ್ಕೆ ತಂತಿ ಸುತ್ತಿ, ರೋಗಿ ಕೈ ಎತ್ತುವ ಕ್ಷಣಕ್ಕೇ ಥೆರಪಿಸ್ಟ್ ಗುಂಡಿ ಒತ್ತುತ್ತಾರೆ. 108 ಜನರಲ್ಲಿ ನಡೆದು 2021ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಪ್ರಯೋಗದಲ್ಲಿ, ನಿಜವಾದ ಕರೆಂಟ್ ಪಡೆದವರಲ್ಲಿ 47 ಶೇಕಡ ಮಂದಿಗೆ ಗಮನಾರ್ಹ ಸುಧಾರಣೆಯಾಯಿತು, ಸಾಧನವಿದ್ದೂ ಸುಳ್ಳುಗುಂಡಿ ಒತ್ತಿಸಿಕೊಂಡವರಲ್ಲಿ 24 ಶೇಕಡ. ಅದೇ ವರ್ಷ ಅಮೆರಿಕ ಅನುಮತಿಯನ್ನೂ ಕೊಟ್ಟಿತು. ಆದರೆ ಎರಡೂ ಗುಂಪಿನವರು ಒಂದೊಂದು ಅವಧಿಯಲ್ಲಿ ಮುನ್ನೂರಕ್ಕೂ ಹೆಚ್ಚು ಸಲ ಕೈ ಆಡಿಸುತ್ತಿದ್ದರು. ಅಭ್ಯಾಸವಿಲ್ಲದೆ ಆ ದುಬಾರಿ ಕರೆಂಟಿಗೂ ಕೆಲಸವಿಲ್ಲ.

ಹಾಗಾದರೆ ಅಭ್ಯಾಸವನ್ನು ಮನೆಯವರೇ ಮಾಡಿಸಿದರೆ ಸಾಕಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ದೇಶದಲ್ಲೇ. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಜಯರಾಜ್ ಪಾಂಡಿಯನ್ ಮತ್ತು ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟಿನ ಸಂಶೋಧಕರು ಸೇರಿ ನಡೆಸಿದ ‘ಅಟೆಂಡ್’ ಅದು. 14 ಆಸ್ಪತ್ರೆಗಳು, 1,250 ರೋಗಿಗಳು. ಅರ್ಧ ಜನರ ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಆಮೇಲೆ ಆರರವರೆಗೆ ಮನೆಭೇಟಿ ಮಾಡಿದರು. ಉಳಿದವರಿಗೆ ಮಾಮೂಲಿ ಆರೈಕೆ. ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಆ ಗುಂಪಿನಲ್ಲಿ 47 ಶೇಕಡ, ಈ ಗುಂಪಿನಲ್ಲೂ 47 ಶೇಕಡ. 2017ರಲ್ಲಿ ಫಲಿತಾಂಶ ಬಂದಾಗ ನಮ್ಮ ವೃತ್ತಿಯ ಎಷ್ಟೋ ಜನ ನಿರಾಶರಾದರು. ನನಗೆ ಅದು ಅಜ್ಜಾರ ಸೊಸೆಯ ಪರವಾದ ತೀರ್ಪಿನಂತೆ ಕಂಡಿತು. ಮೂರು ಹೊತ್ತು ಅಡುಗೆ, ಮಕ್ಕಳ ಶಾಲೆ, ಮಾವನ ಸ್ನಾನ, ಇಷ್ಟರ ಮೇಲೆ ಥೆರಪಿಸ್ಟಿನ ಕೆಲಸವನ್ನೂ ಅವಳ ತಲೆಗೆ ಕಟ್ಟಿ, ಸರ್ಕಾರ ಹುದ್ದೆಯ ಖರ್ಚು ಉಳಿಸಿಕೊಳ್ಳುವ ಹಾಗಿಲ್ಲ. ಮನೆಯವರು ಜೊತೆಗಿರಬೇಕು. ಯಾವ ಕೈಗೆ ಯಾವ ಅಭ್ಯಾಸ, ಯಾವಾಗ ಬದಲಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನೋಡಲು ಕಲಿತವರು ಬೇಕೇ ಬೇಕು.

ಜಗತ್ತಿನಲ್ಲಿ ಪುನಶ್ಚೇತನ ಚಿಕಿತ್ಸೆ ಬೇಕಾದವರು 241 ಕೋಟಿ ಎಂದು 2020ರ ‘ಲ್ಯಾನ್ಸೆಟ್’ ಲೇಖನ ಲೆಕ್ಕ ಕೊಟ್ಟಿದೆ, ಮೂವರಲ್ಲಿ ಒಬ್ಬರು. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರು ಮಾಡಿದ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಮಿದುಳಿನ ಕಾಯಿಲೆಗಳ ಆರೈಕೆಯನ್ನು ಜಿಲ್ಲಾಸ್ಪತ್ರೆಯವರೆಗೆ ತರಲು ಹೊರಟಿದೆ. ಅದು ತಾಲ್ಲೂಕಿನವರೆಗೂ ಇಳಿಯಬೇಕು, ಮನೆಗೆ ಹೋಗುವ ಥೆರಪಿಸ್ಟಿನವರೆಗೂ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಿದ್ದರೆ, ಆಸ್ಪತ್ರೆಯ ಬಿಲ್ಲು ಕಟ್ಟುವ ಮುಂಚೆ ಕೇಳಿ: ನಾಳೆಯಿಂದ ಅಭ್ಯಾಸ ಯಾರು ಮಾಡಿಸುತ್ತಾರೆ, ಮೊದಲ ಮೂರು ತಿಂಗಳಿಗೆ ಬರೆದುಕೊಡಿ ಎಂದು. ಮಾತು ನಿಂತಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಅಂಗವೈಕಲ್ಯ ಉಳಿದರೆ ಯು.ಡಿ.ಐ.ಡಿ. ಕಾರ್ಡು, ಮಾಸಾಶನಕ್ಕೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರಾ ನೋಡಿ. ಇಲ್ಲದಿದ್ದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ನಿಮ್ಮ ಶಾಸಕರಿಗೂ ಅರ್ಜಿ ಕೊಡಿ, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ.